ಅಡಿಗೆಮನೆ ಹೋದ ವರ್ಷ

ನಮ್ಮೂರಲ್ಲಿ ಚದುರಂಗ ಗೆದ್ದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಗೆದ್ದವರಿಗೂ ಇರುವುದಿಲ್ಲ. ರಾಜ ಸಿಕ್ಕಿಬಿದ್ದ ಎಂದ ಕೂಡಲೇ ಇಬ್ಬರೂ ಉಸಿರು ಬಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು, ಒಂದೇ ತಟ್ಟೆಯ ಚುರುಮುರಿ ತಿಂದು ಎದ್ದು ಹೋಗುತ್ತಾರೆ. ಆದರೆ ಯಾರ ಮನೆಯ ಯಾವ ಕಾಯಿ ಪುಕ್ಕಟೆ ಹೋಯಿತು ಎಂದು ಕೇಳಿ ನೋಡಿ, ತೊಟ್ಟಿಲ ಕೂಸನ್ನು ಬಿಟ್ಟು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಮೂಲೆಮನೆಯವರ ಅಟ್ಟ ಹೋದದ್ದು ಸೀನು ಬಂದದ್ದರಿಂದ. ಅವರ ಪಕ್ಕದ ಮನೆಯ ಕೊಟ್ಟಿಗೆ ಹೋದದ್ದು, ಆಡುತ್ತಿದ್ದ ಹೆಂಗಸು ಬೀದಿಯಲ್ಲಿ ಹೊರಟ ಬಳೆಗಾರನ ಕಡೆ ಒಮ್ಮೆ ತಿರುಗಿ ನೋಡಿದ್ದರಿಂದ. ನನ್ನ ಯಜಮಾನರು ಬದುಕಿದ್ದಾಗ ಒಂದು ನೊಣ ಹೊಡೆಯಲು ಹೋಗಿ ಒಂಟೆ ಕಳೆದರು. ಆ ಒಂಟೆ ಎಂದರೆ ನಮ್ಮ ಬಚ್ಚಲು. ಹಂಡೆಯನ್ನು ಮೊದಲೇ ಬೀದಿಗೆ ತಂದಿಟ್ಟಿದ್ದೆವು, ಹಾಗಾಗಿ ಹಂಡೆ ಉಳಿಯಿತು. ಬಚ್ಚಲಿದ್ದ ಕಡೆ ಬರೀ ಗೋಡೆ, ಸುಣ್ಣ ಬಳಿದು ನೂರು ವರ್ಷ ಆದಂಥ ಹಳೇ ಗೋಡೆ. ಮತ್ತೆ ಕಟ್ಟಿದರೆ ನಿಲ್ಲುವುದಿಲ್ಲ. ಹಿತ್ತಲಲ್ಲಿ ನಾಲ್ಕು ಕಲ್ಲು ಹಾಸಿ, ಗೋಣಿತಟ್ಟು ಕಟ್ಟಿ ಸ್ನಾನ ಮಾಡುವುದನ್ನು ರೂಢಿ ಮಾಡಿಕೊಂಡೆವು. ಮನುಷ್ಯರು ಯಾವುದಕ್ಕೆ ತಾನೇ ಒಗ್ಗುವುದಿಲ್ಲ!

ಆಟ ಇರುವುದು ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ. ಹಾಸಿನ ಮೇಲಿನ ಒಂದೊಂದು ಕಾಯಿಯೂ ಆಡುವವರ ಮನೆಯ ಒಂದೊಂದು ಜಾಗ. ಪ್ರತಿ ಮನೆಯವರೂ ಬೀದಿಯಾಚೆಯ ಎದುರುಮನೆಯವರ ಜೊತೆ ಆಡಬೇಕು. ಆಡುವುದಿಲ್ಲ ಎಂದು ಹಟ ಹಿಡಿದ ಮನೆಗಳೂ ಹಿಂದೆ ಇದ್ದವು. ಅವು ಇದ್ದ ಜಾಗದಲ್ಲಿ ಈಗ ಹುಡುಗರು ಗೋಲಿ ಆಡುತ್ತಾರೆ. ಕಾಯಿಗೆ ಕಾಯಿ ಬದಲಾದರೆ ಯಾರಿಗೂ ತೊಂದರೆಯಿಲ್ಲ. ತಿಳಿದೂ ತಿಳಿದೂ ಕೊಟ್ಟರೆ ಅದಕ್ಕೂ ತೊಂದರೆಯಿಲ್ಲ. ಹೀಗೆ ಬೇಕಂತಲೇ ಕೊಟ್ಟು ನೋಡಿದ ಜಾಣ ಸೊಸೆಯರೂ ನಮ್ಮೂರಲ್ಲಿದ್ದರು. ಅತ್ತೆ ಮಲಗಿದ್ದ ಖೋಲಿಯ ಆನೆಯನ್ನು ಎದುರಿನವರ ಬಾಯಿಗೆ ಇಟ್ಟರು, ಆನೆ ಹೋಯಿತು, ಖೋಲಿ ಅಲ್ಲೇ ಉಳಿಯಿತು, ಅತ್ತೆಯೂ ಅಲ್ಲೇ ಉಳಿದಳು, ಎಲ್ಲವನ್ನೂ ಕಿಟಕಿಯಿಂದ ನೋಡಿಕೊಂಡು. ಆ ಸೊಸೆಯರ ಮುಂದಿನ ಬಾಳು ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಖೋಲಿ ಹೋಗುವುದು ಒಂದೇ ಕಾರಣಕ್ಕೆ, ಆಡುವವರು ಆ ಕಾಯಿಯನ್ನು ಮರೆತಾಗ. ಎದುರಿನವರು ಕಂಡೂ ಕಾಣದಂತೆ ಬಿಟ್ಟುಕೊಟ್ಟರೆ ಅವರ ಮನೆಯ ಅದೇ ಖೋಲಿ ಹೋಗುತ್ತದೆ. ಹಾಗಾಗಿ ನಮ್ಮೂರಲ್ಲಿ ಒಂದು ಖೋಲಿ ಹೋಯಿತೆಂದರೆ, ಅದನ್ನು ಯಾರೋ ಮರೆತರು ಎಂದೇ ಲೆಕ್ಕ. ಅದಕ್ಕೆ ಎದುರು ವಾದ ಇಲ್ಲ.

ಖೋಲಿ ಹೋದರೆ ಒಳಗಿದ್ದದ್ದೂ, ಒಳಗಿದ್ದವರೂ ಅದರ ಜೊತೆಗೇ ಹೋಗುತ್ತಾರೆ. ಅದಕ್ಕೇ ಆಟದ ದಿನ ಬೆಳಿಗ್ಗೆ ಇಡೀ ಊರು ಬೀದಿಯಲ್ಲಿರುತ್ತದೆ. ಮಂಚ, ಕಪಾಟು, ರುಬ್ಬುವ ಕಲ್ಲು, ಕಾಳಿನ ಚೀಲ, ಹಾಸಿಗೆಯ ಸಮೇತ ಮುದುಕರು, ಬುಟ್ಟಿಯ ಸಮೇತ ಕೋಳಿಗಳು. ಜಗಲಿಯ ಮೇಲೆ ಆಡುವವರಿಬ್ಬರೇ ಎದುರು ಬದುರು ಕೂರುತ್ತಾರೆ. ಹತ್ತಿರ ಯಾರೂ ಸುಳಿಯುವುದಿಲ್ಲ.

ನನ್ನ ಸೊಸೆ ಕಾಶವ್ವ ಮದುವೆಯಾಗಿ ಬರುವ ತನಕ ನಮ್ಮ ಮನೆಗೆ ಆಡುತ್ತಿದ್ದವನು ನನ್ನ ಮಗ ಬಸಲಿಂಗ. ಅವನು ಹತ್ತಿ ಹಿಂಜುವವನು. ಸದಾ ತಲೆಗೂದಲಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ. ತಲೆಯೊಳಗೂ ಅದೇ ತುಂಬಿದೆ ಎಂದು ನಾನು ಬಯ್ಯುತ್ತಿದ್ದೆ. ಅವನು ಆಡಿದ ವರ್ಷಗಳಲ್ಲಿ ನಮ್ಮ ಮನೆ ನೆಂದ ಬೆಲ್ಲದ ಹಾಗೆ ಕರಗಿತು. ಕಾಳಿನ ಕೋಣೆ ಹೋಯಿತು, ಮೇಲಿನ ಮೆಟ್ಟಿಲು ಹೋಯಿತು, ಗೋಡೆಯ ಗೂಡುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವನಿಗೆ ಆಟ ಬರುವುದಿಲ್ಲ ಎಂದಲ್ಲ. ಮುಂದಿನ ನಾಲ್ಕು ನಡೆ ಅವನಿಗೆ ಚೆನ್ನಾಗಿ ಕಾಣುತ್ತಿದ್ದವು, ಮೂಗಿನ ಕೆಳಗಿನದು ಮಾತ್ರ ಕಾಣುತ್ತಿರಲಿಲ್ಲ.

ಕಾಶವ್ವ ಬಂದ ಮೇಲೆ ಒಂದು ಗೂಡೂ ಹೋಗಲಿಲ್ಲ. ಅವಳ ಆಟದಲ್ಲಿ ಜಾಣತನ ಏನೂ ಇರಲಿಲ್ಲ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತುಬಿಡುತ್ತಿದ್ದಳು, ಕೈ ತಲೆಗಿಂತ ಮುಂಚೆ ಓಡಬಾರದೆಂದು. ಎದುರಿನವರು ಕಾಯಿ ನಡೆಸಿದ ಮೇಲೆ, ಅದು ಎಲ್ಲಿಗೆ ಬಂತು ಎನ್ನುವುದಕ್ಕಿಂತ ಎಲ್ಲಿಂದ ಎದ್ದಿತು, ಏನನ್ನು ತೆರೆದಿಟ್ಟು ಬಂತು ಎಂದು ಮೊದಲು ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮನೆ ಸುತ್ತುವುದು. ಇದು ನಮ್ಮೂರಿನ ಹಳೆಯ ಪದ್ಧತಿ. ಮುಂಬಾಗಿಲಿಂದ ಹಿಡಿದು ಹಿತ್ತಲಿನ ತನಕ ಒಂದೊಂದೇ ಖೋಲಿ ಹೊಕ್ಕು, ಇದರ ಕಾಯಿ ಎಲ್ಲಿದೆ, ಇದರ ಮೇಲೆ ಯಾರ ಕಣ್ಣಿದೆ, ಇದಕ್ಕೆ ಕಾವಲು ಯಾರು ಎಂದು ಕೇಳಿಕೊಂಡು ಬರುವುದು. ಕಾಯಿ ಮುಟ್ಟುವ ಮೊದಲು ಎದುರಿನವರು ಪ್ರತಿ ಸಲವೂ ಕೇಳುತ್ತಾರೆ, ಮನೆ ಸುತ್ತಿ ಬಂದೆಯಾ ಎಂದು. ಬಂದೆ ಎನ್ನಬೇಕು. ಎಲ್ಲರೂ ಅನ್ನುತ್ತಾರೆ. ಅರ್ಧ ಜನ ಪಡಸಾಲೆಯಿಂದಲೇ ಹಿಂದಿರುಗಿ ಬಂದೆ ಎನ್ನುವವರು. ಕಾಶವ್ವ ಮಾತ್ರ ನಿಜವಾಗಿ ಸುತ್ತುತ್ತಿದ್ದಳು, ಒಂದು ನಡೆಗೂ ಬಿಟ್ಟವಳಲ್ಲ.

ನಾನು ಒಳ್ಳೆಯ ಅತ್ತೆ ಎಂದು ಯಾರೂ ಹೇಳಿಲ್ಲ, ನಾನೂ ಹೇಳಿಕೊಂಡಿಲ್ಲ. ಅವಳ ರೊಟ್ಟಿ ದಪ್ಪ ಎಂದೆ, ಕಸ ಗುಡಿಸಿದರೆ ಮೂಲೆ ಬಿಡುತ್ತಾಳೆ ಎಂದೆ, ಮಕ್ಕಳಾಗಲಿಲ್ಲ ಎಂದು ಅನ್ನಬಾರದ್ದನ್ನೂ ಅಂದೆ. ಅವಳೂ ಮೆತ್ತಗಿರಲಿಲ್ಲ. ಎದುರು ಮಾತಾಡುತ್ತಿರಲಿಲ್ಲ, ಆದರೆ ಪಾತ್ರೆಗಳ ಕೈಯಲ್ಲಿ ಮಾತಾಡಿಸುತ್ತಿದ್ದಳು. ಹೀಗಿದ್ದಾಗ, ಆ ವರ್ಷ ಆಟಕ್ಕೆ ಸ್ವಲ್ಪ ಮುಂಚೆ ಹಿತ್ತಲಿನ ಸ್ನಾನದ ಕಲ್ಲಿನ ಮೇಲೆ ಜಾರಿ ಬಿದ್ದು ನನ್ನ ಸೊಂಟದ ಎಲುಬು ಮುರಿಯಿತು. ನಾಟಿವೈದ್ಯ ಬಂದು ಬಿದಿರಿನ ದಬ್ಬೆ ಕಟ್ಟಿ, ಅಲುಗಾಡಿಸಿದರೆ ಜೀವಕ್ಕೆ ಅಪಾಯ ಎಂದು ಹೇಳಿ ಹೋದ. ಆಟದ ಬೆಳಿಗ್ಗೆ ಆದರೂ ನಾಲ್ಕು ಜನ ಬಂದು ಮಂಚ ಎತ್ತಲು ನೋಡಿದರು. ನಾನು ಹಾಕಿದ ಕಿರಿಚಾಟಕ್ಕೆ ಅವರೇ ಹೆದರಿ ಕೆಳಗಿಟ್ಟರು. ಮಂಚವೂ ವಾರೆ ಮಾಡದೆ ಬಾಗಿಲಲ್ಲಿ ಹಿಡಿಯುವಂತಿರಲಿಲ್ಲ.

"ಬಿಡ್ರಪಾ, ನಾ ಇಲ್ಲೇ ಇರ್ತೇನಿ," ಎಂದೆ.

ಕಾಶವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮುಖ ಸುಣ್ಣದ ಗೋಡೆಯಾಗಿತ್ತು.

"ಅತ್ತೀ, ನನಗ ಈ ಸಲ ಆಡಾಕ ಆಗಂಗಿಲ್ಲ. ನಿಮ್ಮ ಮಗಾನ ಆಡ್ಲಿ," ಎಂದಳು.

"ಅವ ಆಡಿದ್ರ ನಾ ಈಗಿಂದನ ಸತ್ತಂಗ," ಎಂದೆ. "ನೀನ ಕೂಡು. ಕೈ ಮ್ಯಾಲ ಕೂಡು. ಗಡಿಬಿಡಿ ಮಾಡಬ್ಯಾಡ."

ಹೊರಗೆ ಧೈರ್ಯದ ಮಾತಾಡಿದೆ. ಒಳಗೆ ಬೇರೆಯೇ ಲೆಕ್ಕ ನಡೆದಿತ್ತು. ಅವಳು ನನ್ನನ್ನು ಬೇಕಂತ ಕಳೆಯುವಂತಿರಲಿಲ್ಲ, ಅದು ಆಗುವ ಮಾತಲ್ಲ. ಆದರೆ ಇಷ್ಟು ವರ್ಷ ಬೈಸಿಕೊಂಡವಳ ಮನಸ್ಸಿನ ಯಾವ ಮೂಲೆಯಲ್ಲಿ ನಾನಿದ್ದೇನೆ? ಒಂದು ನಡೆಯ ಮಟ್ಟಿಗೆ, ಒಂದು ಗಳಿಗೆಯ ಮಟ್ಟಿಗೆ ಅವಳು ನನ್ನನ್ನು ಹಾಯಾಗಿ ಮರೆತುಬಿಟ್ಟರೆ? ಮರೆಯುವುದಕ್ಕೆ ನಾನೇ ಬೇಕಾದಷ್ಟು ಕಾರಣ ಕೊಟ್ಟಿದ್ದೆ.

ನಮ್ಮ ಮನೆ ಉದ್ದಕ್ಕೆ ಇದೆ. ಜಗಲಿ, ಪಡಸಾಲೆ, ದೇವರಮನೆ, ಆಮೇಲೆ ನನ್ನ ಖೋಲಿ. ನನ್ನ ಖೋಲಿಯಿಂದ ಒಂದು ಬಾಗಿಲು ಅಡಿಗೆಮನೆಗೆ. ಅಡಿಗೆಮನೆಯಿಂದ ಒಂದು ಬಾಗಿಲು ಹಿತ್ತಲಿಗೆ, ಇನ್ನೊಂದು ಕಾಶವ್ವ ಬಸಲಿಂಗರ ಖೋಲಿಗೆ. ನನ್ನದೊಂದು ಆನೆ, ಅವರದೊಂದು ಆನೆ. ಅಡಿಗೆಮನೆ ಮಂತ್ರಿ. ಪಡಸಾಲೆ ರಾಜ. ಆ ವರ್ಷ ಆಟ ನಮ್ಮ ಜಗಲಿಯ ಮೇಲೆ. ಓಣಿಯ ಕಡೆಯ ಕಿಟಕಿಯಿಂದ ಅವರ ಮಾತು ನನಗೆ ಕೇಳಿಸುತ್ತಿತ್ತು. ಎದುರುಮನೆಯ ಅಡಿವೆಪ್ಪ ನನ್ನ ವಾರಿಗೆಯವನು, ಮೆತ್ತಗಿನ ಮನುಷ್ಯ. ಇರುವೆ ಕಂಡರೆ ದಾಟಿ ಕಾಲಿಡುವವನು.

"ಮನಿ ಸುತ್ತಿ ಬಂದೀಯೇನವಾ?"

"ಬಂದೇನಿ ಕಾಕಾ."

ಆಮೇಲೆ ಕಾಯಿ ಇಟ್ಟ ಸದ್ದು. ಕಾಶವ್ವ ಮೊದಲು ಕುದುರೆಗಳನ್ನು ಬದಲು ಮಾಡಿಕೊಂಡಳು. ಉಳಿದಿದ್ದ ಒಂದು ಒಂಟೆಗೆ ಅವನ ಒಂಟೆ ತೆಗೆದುಕೊಂಡಳು. ಅದೇ ಅವಳ ರೀತಿ, ಕಾಯಿ ಕಡಿಮೆಯಾದಷ್ಟೂ ಕಾಯುವುದು ಸುಲಭ ಎನ್ನುತ್ತಿದ್ದಳು. ಪ್ರತಿ ನಡೆಗೂ ತಡವಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು, ಈಗ ಅವಳು ಪಡಸಾಲೆಯಲ್ಲಿದ್ದಾಳೆ, ಈಗ ದೇವರಮನೆಗೆ ಬಂದಳು, ಈಗ ನನ್ನ ಹೊಸ್ತಿಲ ಮೇಲೆ ಎಂದು ಎಣಿಸುತ್ತಾ ಮಲಗಿದ್ದೆ.

ಬಿಸಿಲು ಏರಿದ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ಯಾರೋ ಬಂದ ಹಾಗಾಯಿತು. ನೋಡಿದರೆ ಬಸಲಿಂಗ, ಹಿತ್ತಲಿಂದ ಒಳಗೆ ಬಂದಿದ್ದ.

"ಹುಚ್ಚ ಏನಲೇ ನೀನು? ಹೊರಗ ನಡಿ!"

"ನಿನ್ನ ಒಬ್ಬಾಕಿನ್ನ ಇಲ್ಲಿ ಬಿಟ್ಟು, ಬೀದ್ಯಾಗ ಕುಂತು ಚುರುಮುರಿ ತಿನ್ನಾಕ ನನಗ ಆಗಂಗಿಲ್ಲ ಯವ್ವಾ," ಎಂದ. ನನ್ನ ಕಾಲ ಬಳಿ ಕೂತು ಹೊದಿಕೆಯ ಮೇಲಿದ್ದ ಹತ್ತಿಯ ಎಳೆ ತೆಗೆದ, ಅದು ಅವನ ಮೈಯಿಂದಲೇ ಬಿದ್ದದ್ದು.

"ಹೋದ್ರ ನಾ ಹೋಗ್ತೇನಿ, ಉದುರೂ ಹಣ್ಣೆಲಿ. ನೀ ಯಾಕ? ಆಕಿಗೆ ನೀ ಒಳಗ ಇರೂದು ಗೊತ್ತಾದ್ರ ಕೈಕಾಲ ಆಡಂಗಿಲ್ಲ. ನಡಿ ಅಂದ್ರ ನಡಿ."

ನಾನು ಬೈದೆ, ಕಣ್ಣೀರು ಹಾಕಿದೆ, ನನ್ನ ಮೇಲೆ ಆಣೆ ಎಂದೆ. ಅವನು ಎದ್ದ. "ಆತು, ಹೋಗ್ತೇನಿ. ಏನರ ಬೇಕಾದ್ರ ಕೂಗು," ಎಂದು ಅಡಿಗೆಮನೆಗೆ ದಾಟಿ ಬಾಗಿಲು ಮುಂದೆ ಮಾಡಿಕೊಂಡ. ಬೀದಿಯಲ್ಲಿ ಕೂತವನನ್ನು ಯಾರಾದರೂ ಕೂಗಿ ಕರೆಯಲು ಆಗುತ್ತದೆಯೇ? ಆ ಗಳಿಗೆಯಲ್ಲಿ ಅದು ನನಗೆ ಹೊಳೆಯಲಿಲ್ಲ. ಅವನು ಹೊರಗೆ ಹೋದ ಎಂದುಕೊಂಡು ನಿರಾಳವಾದೆ.

ಆಮೇಲೆ ನಡೆದದ್ದನ್ನು ಅಡಿವೆಪ್ಪ ನನಗೆ ಎಷ್ಟೋ ಸಲ ಹೇಳಿದ್ದಾನೆ. ಕೇಳದಿದ್ದರೂ ಹೇಳುತ್ತಾನೆ, ಅವನಿಗೆ ಹೇಳದೆ ಇರಲು ಆಗುವುದಿಲ್ಲ. ಇಬ್ಬರ ಕಡೆಯೂ ಆನೆಗಳು, ಮಂತ್ರಿ, ಒಂದಿಷ್ಟು ಕಾಲಾಳು ಉಳಿದಿದ್ದವು. ಅವನ ಒಂದು ಆನೆ ನನ್ನ ಖೋಲಿಯ ಆನೆಯ ಎದುರು ಸಾಲಿಗೆ ಬಂದು ನಿಂತಿತು. ಕಾಶವ್ವ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಬಹಳ ಹೊತ್ತು ಹಾಗೇ ಇದ್ದಳು, ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ನನ್ನ ಆನೆಗೆ ಒಂದು ಕಾವಲಿತ್ತು. ಅದು ಸಾಲದು ಎನ್ನಿಸಿತು ಅವಳಿಗೆ. ಇನ್ನೊಂದು ಕಾವಲು ಹುಡುಕಿದಳು.

"ಮನಿ ಸುತ್ತಿ ಬಂದೀಯೇನವಾ?"

"ಬಂದೇನಿ."

ಅಂಗೈಯನ್ನು ತೊಡೆಯ ಕೆಳಗಿಂದ ತೆಗೆದು ಮಂತ್ರಿಯನ್ನು ಎತ್ತಿ ನನ್ನ ಆನೆಯ ಬೆನ್ನಿಗೆ ತಂದು ನಿಲ್ಲಿಸಿದಳು. ಈಗ ನನ್ನ ಖೋಲಿಗೆ ಎರಡು ಕಾವಲು. ಆದರೆ ಆ ಚೌಕದ ಮೇಲೆ ಅಡಿವೆಪ್ಪನ ಒಂದು ಕಾಲಾಳಿನ ಕಣ್ಣಿತ್ತು. ಬಹಳ ಹೊತ್ತಿನಿಂದ ಅಲ್ಲಾಡದೆ ನಿಂತಿದ್ದ ಕಾಲಾಳು, ಓರೆಗೆ ಒಂದೇ ಹೆಜ್ಜೆ. ಎರಡು ದಿನದ ಹಿಂದೆ ಆಟ ಕಲಿತವರಿಗೂ ಕಾಣುವಂಥದ್ದು.

ಅಡಿವೆಪ್ಪ ನೋಡಿದ. ಅವಳ ಮುಖ ನೋಡಿದ. ಅವಳು ಇನ್ನೂ ನನ್ನ ಆನೆಯನ್ನೇ ನೋಡುತ್ತಿದ್ದಳು. ಅಡಿಗೆಮನೆ ಖಾಲಿ ಎಂದು ಅವನಿಗೆ ಗೊತ್ತು, ಒಲೆಯ ಬೂದಿಯನ್ನು ಬಿಟ್ಟು ಎಲ್ಲವೂ ಬೀದಿಯಲ್ಲಿತ್ತು. ಒಳಗಿರುವವಳು ನಾನೊಬ್ಬಳೇ, ನನ್ನ ಆನೆ ಭದ್ರವಾಗಿತ್ತು. ಅವನು ಬಿಟ್ಟರೆ ಅವನ ಮನೆಯ ಅಡಿಗೆಮನೆ ಹೋಗುತ್ತದೆ. "ಹೋದ್ರ ಅಡಿಗಿಮನಿ ಹೋತು, ಮುದುಕಿ ಉಳೀತಲ್ಲಾ ಅಂತ ನನಗ ಖರೇನ ಸಮಾಧಾನ ಆತವಾ," ಎಂದು ಅವನು ಈಗಲೂ ಹೇಳುತ್ತಾನೆ, ಹೇಳಿ ಅಳುತ್ತಾನೆ. "ತಪ್ಪು ತಿಳೀಬ್ಯಾಡ ತಂಗಿ," ಎಂದು ಮಂತ್ರಿಯನ್ನು ತೆಗೆದುಕೊಂಡ.

ಆ ಹೊತ್ತಿಗೆ ನಾನು ಅಡಿಗೆಮನೆಯ ಬಾಗಿಲಿನ ಕಡೆಯೇ ಮುಖ ಮಾಡಿ ಮಲಗಿದ್ದೆ. ಸದ್ದಿಲ್ಲ, ಧೂಳಿಲ್ಲ. ಬಾಗಿಲಿತ್ತು, ಆಮೇಲೆ ಗೋಡೆಯಿತ್ತು. ನನಗೆ ಮೊದಲು ಬಂದದ್ದು ಸಂತೋಷ. ನಾನಿದ್ದೇನೆ, ನನ್ನ ಮಂಚವಿದೆ, ನನ್ನ ಕಿಟಕಿಯಲ್ಲಿ ಬಿಸಿಲಿದೆ!

ಹೊರಗೆ ಗದ್ದಲವಾಯಿತು. ಕಾಶವ್ವ ಮಂತ್ರಿ ಹೋದ ಮೇಲೂ ಆಟ ನಿಲ್ಲಿಸಲಿಲ್ಲ, ನಿಲ್ಲಿಸುವಂತಿಲ್ಲ. ಉಳಿದದ್ದನ್ನೆಲ್ಲ ಬದಲು ಮಾಡಿಕೊಂಡು, ಕೊನೆಗೆ ರಾಜನನ್ನು ಒಪ್ಪಿಸಿ, ಓಡಿ ಬಂದು ನನ್ನ ಮಂಚದ ಮೇಲೆ ಬಿದ್ದಳು. ನಗುತ್ತಿದ್ದಳು, ಅಳುತ್ತಿದ್ದಳು.

"ಅತ್ತೀ, ನಿಮ್ಮ ಖೋಲಿ ಉಳೀತ್ರೀ! ಅಡಿಗಿಮನಿ ಹಾಳಾಗಿ ಹೋಗ್ಲಿ, ಜಗಲಿ ಮ್ಯಾಲ ರೊಟ್ಟಿ ಬಡೀತೇನಿ. ನೀವು ಉಳಿದ್ರೆಲ್ಲಾ!"

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಅಪ್ಪಿಕೊಂಡಿರಲಿಲ್ಲ. ಸೊಂಟ ಹರಿದುಹೋಗುವ ಹಾಗೆ ನೋಯುತ್ತಿತ್ತು, ಆದರೂ ಬಿಡು ಎನ್ನಲಿಲ್ಲ. ಅಡಿವೆಪ್ಪನ ಹೆಂಡತಿ ನೀಲವ್ವ ಒಳಗೆ ಬಂದು, ಎರಡು ಮನೆಯ ಅಡಿಗೆ ಇನ್ನು ತನ್ನ ಒಲೆಯ ಮೇಲೇ ಆಗಲಿ, ಅತ್ತೆ ಸೊಸೆಯರ ಜಗಳವನ್ನೂ ಅಲ್ಲೇ ಕೂತು ಕೇಳಿಸಿಕೊಳ್ಳಬಹುದು ಎಂದಳು. ಎಲ್ಲರೂ ನಕ್ಕರು. ಕಾಶವ್ವ ಕಣ್ಣೊರೆಸಿಕೊಂಡು ಸುತ್ತ ನೋಡಿದಳು.

"ಇವರೆಲ್ಲಿ? ಇವರಿಗೆ ಹೇಳ್ರಿ ಯಾರರ."

ಬೀದಿಯಲ್ಲಿ ಬಸಲಿಂಗ ಇರಲಿಲ್ಲ. ಪಾತ್ರೆಗಳ ಹತ್ತಿರ ಇರಲಿಲ್ಲ. ಹತ್ತಿಯ ಅಂಗಡಿಗೆ ಹೋಗಿರಬೇಕು ಎಂದರು, ಅಲ್ಲಿ ಬೀಗ ಹಾಕಿತ್ತು. ಆಗ ನಾನು, ಅವನು ಒಳಗೆ ಬಂದಿದ್ದ, ಬೈದು ಕಳಿಸಿದೆ, ಹಿತ್ತಲ ಕಡೆ ಹೋದ ಎಂದೆ. ಕಾಶವ್ವ ಓಣಿಯಿಂದ ಸುತ್ತಿ ಹಿತ್ತಲಿಗೆ ಹೋದಳು. ಅಡಿಗೆಮನೆಯ ಹಿಂಬಾಗಿಲು ಇದ್ದ ಕಡೆ ಈಗ ಗೋಡೆ. ಗೋಡೆಯ ಬುಡದಲ್ಲಿ, ಒಳಗೆ ಹೋಗುವವರು ಬಿಟ್ಟು ಹೋದ ಹಾಗೆ, ಬಸಲಿಂಗನ ಚಪ್ಪಲಿಗಳು.

ಅವನು ಹೋಗಿರಲಿಲ್ಲ. ನನಗೆ ಕಾಣದ ಹಾಗೆ ಬಾಗಿಲಿನ ಆ ಕಡೆ, ನಾನು ಕೂಗಿದರೆ ಕೇಳಿಸಲಿ ಎಂದು, ಅಲ್ಲೇ ಕೂತಿದ್ದ.

ಕಾಶವ್ವ ಉಗುರಿನಿಂದ ಆ ಗೋಡೆಯ ಸುಣ್ಣ ಕೆರೆದಳು. ಗಂಡಸರು ಗುದ್ದಲಿ ತಂದು ಒಡೆದರು. ಒಡೆದರೆ ಆ ಕಡೆ ನನ್ನ ಖೋಲಿ ಕಂಡಿತು, ಮಂಚ ಕಂಡಿತು, ನಾನು ಕಂಡೆ. ನಡುವೆ ಏನೂ ಇರಲಿಲ್ಲ. ಒಡೆದ ಕಿಂಡಿಯನ್ನು ಮಣ್ಣು ಮೆತ್ತಿ ಮುಚ್ಚಿದರು.

ಹೆಣವಿಲ್ಲದ ಸಾವಿಗೆ ಏನು ಮಾಡುವುದೋ ಅದನ್ನೆಲ್ಲ ಮಾಡಿದೆವು. ಊರಿನವರು ಬಂದು ಕೂತು ಹೋದರು. ಬಂದವರು ನನ್ನ ಜೊತೆ ಮಾತಾಡಿದರು, ಕಾಶವ್ವನ ಜೊತೆ ಮಾತಾಡಲಿಲ್ಲ. ಬಾವಿಕಟ್ಟೆಯ ಮೇಲೆ ಅವಳು ಹೋದರೆ ಹೆಂಗಸರು ಕೊಡ ಎತ್ತಿಕೊಳ್ಳುತ್ತಿದ್ದರು. ಗಂಡನನ್ನು ಮರೆತವಳು ಎಂದು ಅವಳ ಹೆಸರಾಯಿತು. ಅವನು ಒಳಗಿದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲವಲ್ಲ ಎಂದು ನೀಲವ್ವ ಒಬ್ಬಳು ಕೂಗಾಡಿದಳು. ಅಡಿಗೆಮನೆಯನ್ನು ಮರೆತದ್ದಂತೂ ನಿಜ ತಾನೇ ಎಂದು ಕೇಳಿ ಜನ ಅವಳ ಬಾಯಿ ಮುಚ್ಚಿಸಿದರು.

ಒಂದು ಸಂಜೆ ನನಗೆ ಗಂಜಿ ಕುಡಿಸುತ್ತಾ ಕಾಶವ್ವನೇ ಹೇಳಿದಳು. "ಮುಂಬಾಗಲದಿಂದ ಬರ್ತಿದ್ನಿರೀ. ಪಡಸಾಲಿ ನೋಡ್ತಿದ್ನಿ, ದೇವರಮನಿ ನೋಡ್ತಿದ್ನಿ. ನಿಮ್ಮ ಖೋಲಿಗೆ ಬಂದು ನಿಂತು ಬಿಡ್ತಿದ್ನಿ. ನಿಮ್ಮ ಮಾರಿ ನೋಡ್ಕೋತ ನಿಂತ್ರ ಅಲ್ಲಿಂದ ಮುಂದ ಹೋಗಾಕ ಆಗವಲ್ಲದು. ಪ್ರತಿ ಸಲಾನೂ ಅಲ್ಲಿಂದನ ಬಂದೇನಿ ಅಂದ್ನಿ."

ನಾನು ಆ ಹೊತ್ತು ಅತ್ತದ್ದು ಮಗನಿಗಾಗಿ. ಆದರೆ ಅಳುವಿನ ನಡುವೆಯೇ, ಇವಳು ನನ್ನನ್ನು ಮರೆಯಲಿಲ್ಲ ಎಂಬ ಹಿಗ್ಗು ಒಳಗೆಲ್ಲೋ ಬೆಚ್ಚಗೆ ಕೂತಿತ್ತು. ಮಗನ ಸಾವಿನ ಎದುರು ಅಂಥದ್ದೊಂದು ಇರಬಾರದು. ಇತ್ತು.

ಹೀಗೆ ವರ್ಷ ಕಳೆಯಿತು. ಎಲುಬು ವಕ್ರವಾಗಿ ಕೂಡಿಕೊಂಡು, ಕೋಲು ಹಿಡಿದು ಜಗಲಿಯ ತನಕ ಬರುವ ಹಾಗಾದೆ. ರೊಟ್ಟಿ ಜಗಲಿಯ ಮೇಲೆಯೇ ಬೇಯುತ್ತದೆ, ದಪ್ಪಗೇ ಇರುತ್ತದೆ, ನಾನು ಏನೂ ಅನ್ನುವುದಿಲ್ಲ. ಕಾಶವ್ವ ತನ್ನ ಖೋಲಿಗೆ ಹಿತ್ತಲ ಕಡೆ ಬಾಗಿಲು ಒಡೆಸಿಕೊಂಡು, ಈಗ ಓಣಿ ಸುತ್ತಿ ಅಲ್ಲಿಂದ ಹೋಗುತ್ತಾಳೆ. ನಾಳೆ ಆಟ. ಹೋದ ಖೋಲಿಯ ಕಾಯಿಯನ್ನು ಹೂಡುವಂತಿಲ್ಲ, ಹಾಗಾಗಿ ನಾವು ಮಂತ್ರಿಯಿಲ್ಲದೆ ಆಡಬೇಕು. ಅಡಿವೆಪ್ಪ ಮಂತ್ರಿಯನ್ನು ಇಟ್ಟುಕೊಂಡೇ ಆಡಬೇಕು, ಅವನಿಗೂ ಬೇರೆ ದಾರಿಯಿಲ್ಲ.

"ನಾ ಇನ್ನ ಆಟಕ್ಕ ಕೂಡಂಗಿಲ್ಲ ಅತ್ತಿ," ಎಂದಿದ್ದಾಳೆ ಕಾಶವ್ವ. "ನೀವ ಆಡ್ರಿ."

"ನೀ ಬೀದ್ಯಾಗ ಸಾಮಾನು ಕಾಯ್ತಿ ಏನು?"

"ನಾ ನಮ್ಮ ಖೋಲ್ಯಾಗ ಇರ್ತೇನಿ."

ಬೈದೆ. ಕಾಲು ಹಿಡಿಯುತ್ತೇನೆ ಎಂದೆ. ನೀಲವ್ವನನ್ನು ಕರೆಸಿ ಹೇಳಿಸಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನಿಮಗ ನನ್ನ ಮ್ಯಾಲ ಸಿಟ್ಟಿದ್ರ ಚಲೋನ ಆತು," ಎಂದಳು. "ಸಿಟ್ಟಿದ್ದವರು ಮರಿಯಂಗಿಲ್ಲ."

ಸಿಟ್ಟು ಇದ್ದಿದ್ದರೆ ನಾನೂ ಹೆದರುತ್ತಿರಲಿಲ್ಲ. ಬೆಳಿಗ್ಗೆಯಿಂದ ಜಗಲಿಯ ಕಂಬಕ್ಕೆ ಒರಗಿ, ಕೈಗಳ ಮೇಲೆ ಕೂತು, ಮನೆ ಸುತ್ತುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಮುಂಬಾಗಿಲು, ಪಡಸಾಲೆ, ದೇವರಮನೆ, ನನ್ನ ಖೋಲಿ. ಅಲ್ಲಿಂದ ಮುಂದೆ ಗೋಡೆ, ನನಗೆ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಆ ಬಾಗಿಲು ತೆರೆದುಕೊಳ್ಳುತ್ತದೆ. ಆರಿದ ಒಲೆಯ ಪಕ್ಕ ಬಸಲಿಂಗ ಮೊಣಕಾಲು ಕಟ್ಟಿಕೊಂಡು ಕೂತಿರುತ್ತಾನೆ, ನಾನು ಯಾವಾಗ ಕೂಗುತ್ತೇನೋ ಎಂದು ಕಿವಿ ಕೊಟ್ಟು. ನಾನು ಅವನ ಎದುರು ಕೂತುಬಿಡುತ್ತೇನೆ. ಅವನನ್ನು ದಾಟಿ ಎರಡು ಹೆಜ್ಜೆ ಹೋದರೆ ಕಾಶವ್ವನ ಖೋಲಿ. ಎಷ್ಟು ಸಲ ಸುತ್ತಿದರೂ ನಾನು ಇನ್ನೂ ಅಲ್ಲಿಗೆ ಮುಟ್ಟಿಲ್ಲ.